500 ಸಿಸಿಗೆ ಎಂಟು ಸಿಲಿಂಡರ್ ಯಾಕೆ? ಹಳೇ ಇಟಾಲಿಯನ್ ರೇಸ್ ಬೈಕುಗಳ ಒಳಗಿನ ಲೆಕ್ಕ

1955ರಲ್ಲಿ ಇಟಲಿಯ ಮೋಟೋ ಗುಟ್ಸಿ ಕಂಪನಿ 500 ಸಿಸಿ ರೇಸ್ ಬೈಕೊಂದಕ್ಕೆ ಎಂಟು ಸಿಲಿಂಡರ್ ಇಟ್ಟಿತು. ಎಂಟು ಪಿಸ್ಟನ್, ಹದಿನಾರು ವಾಲ್ವ್, ಎಂಟು ಕಾರ್ಬ್ಯುರೇಟರ್, ಎಲ್ಲಾ ಸೇರಿ ಬರೀ ಅರ್ಧ ಲೀಟರ್. ಒಂದೊಂದು ಸಿಲಿಂಡರಿನ ಪಾಲಿಗೆ ಬಂದಿದ್ದು 62 ಸಿಸಿ ಅಷ್ಟೇ, ನಮ್ಮ ಟಿವಿಎಸ್ ಎಕ್ಸ್‌ಎಲ್ ಮೊಪೆಡ್ಡಿನ 70 ಸಿಸಿಗಿಂತಲೂ ಕಮ್ಮಿ. ಮರುವರ್ಷ ಬೊಲೊನ್ಯಾದ ಡುಕಾಟಿಯವರು 125 ಸಿಸಿಯ ಒಂಟಿ ಸಿಲಿಂಡರಿನ ತಲೆ ಮೇಲೆ ಮೂರು ಕ್ಯಾಮ್‌ಶಾಫ್ಟ್ (ವಾಲ್ವುಗಳನ್ನು ಆಡಿಸುವ ಶಾಫ್ಟ್) ಕೂರಿಸಿ ರೇಸಿಗೆ ತಂದರು. ಮೊದಲ ಸಲ ಕೇಳಿದವರಿಗೆ ಇವರಿಗೇನು ಬೇರೆ ಕೆಲಸ ಇರಲಿಲ್ವಾ ಅನ್ನಿಸುತ್ತದೆ.

ಈ ಬೈಕುಗಳ ಫೋಟೋ ನೋಡಿ ಮನಸೋಲುವುದು ಸುಲಭ. ಉದ್ದನೆಯ ಟ್ಯಾಂಕ್, ಕೈಯಲ್ಲಿ ತಟ್ಟಿ ಮಾಡಿದ ಅಲ್ಯುಮಿನಿಯಂ ಫೇರಿಂಗ್ (ಗಾಳಿ ಸೀಳಲು ಬೈಕಿಗೆ ಹೊದಿಸುವ ಕವಚ), ಬಾಯಿ ತೆರೆದುಕೊಂಡ ಕಾರ್ಬ್ಯುರೇಟರ್. ಆದರೆ ಇಟಲಿಯವರಿಗೆ ಸೌಂದರ್ಯ ರಕ್ತದಲ್ಲೇ ಇದೆ ಅಂತ ಹೇಳಿ ಮುಗಿಸಿದರೆ ಆ ಎಂಜಿನಿಯರುಗಳಿಗೆ ಅನ್ಯಾಯ ಮಾಡಿದಂತೆ. ಅವರು ಎಂಜಿನ್ನಿಗೆ ಕೊಟ್ಟ ಒಂದೊಂದು ವಿಚಿತ್ರ ಆಕಾರದ ಹಿಂದೆಯೂ ಒಂದೇ ಪ್ರಶ್ನೆ ಇತ್ತು: ಆಗ ಸಿಗುತ್ತಿದ್ದ ಲೋಹ ತಡೆಯಬಲ್ಲದ್ದಕ್ಕಿಂತ ಜಾಸ್ತಿ ವೇಗವಾಗಿ ಎಂಜಿನ್ ತಿರುಗಿಸುವುದು ಹೇಗೆ?

ತಿರುಗಿಸಲೇಬೇಕು ಅಂತ ಯಾಕೆ ಅಷ್ಟು ಹಟ? ಎಂಜಿನ್ನಿನ ಶಕ್ತಿ ಬರುವುದು ಅದು ನಿಮಿಷಕ್ಕೆ ಎಷ್ಟು ಗಾಳಿ ಎಳೆದುಕೊಳ್ಳುತ್ತದೆ ಅನ್ನುವುದರಿಂದ. ಗಾಳಿ ಜಾಸ್ತಿ ಬಂದರೆ ಪೆಟ್ರೋಲನ್ನೂ ಜಾಸ್ತಿ ಸುಡಬಹುದು. ಗಾಳಿ ಜಾಸ್ತಿ ಮಾಡಲು ಮೂರು ದಾರಿ ಇವೆ. ಎಂಜಿನ್ ದೊಡ್ಡದು ಮಾಡಬಹುದು, ಆದರೆ ರೇಸಿನಲ್ಲಿ 500 ಅಂದರೆ 500, ಅದನ್ನು ದಾಟುವ ಹಾಗಿಲ್ಲ. ಸೂಪರ್‌ಚಾರ್ಜರ್ ಹಾಕಿ ಗಾಳಿಯನ್ನು ಒಳಗೆ ತುರುಕಬಹುದು. ಯುದ್ಧಕ್ಕೆ ಮುಂಚೆ ಇಟಲಿಯವರು ಅದನ್ನೇ ಮಾಡಿದ್ದರು, 1937ರಲ್ಲಿ ಪಿಯೆರೊ ತರುಫಿ ಸೂಪರ್‌ಚಾರ್ಜರ್ ಇದ್ದ ನಾಲ್ಕು ಸಿಲಿಂಡರಿನ ಜಿಲೇರಾ ಬೈಕಿನಲ್ಲಿ ಗಂಟೆಗೆ 274 ಕಿಲೋಮೀಟರ್ ಮುಟ್ಟಿ ದಾಖಲೆ ಮಾಡಿದ. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅಂತಾರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ ಸೂಪರ್‌ಚಾರ್ಜರನ್ನೇ ನಿಷೇಧಿಸಿತು. ಉಳಿದಿದ್ದು ಒಂದೇ ದಾರಿ. ಅದೇ ಎಂಜಿನ್ನನ್ನು ನಿಮಿಷಕ್ಕೆ ಜಾಸ್ತಿ ಸಲ ತಿರುಗಿಸುವುದು, ಅಂದರೆ ಆರ್‌ಪಿಎಂ ಏರಿಸುವುದು.

ಏರಿಸುತ್ತಾ ಹೋದರೆ ಎರಡು ಕಡೆ ಎಂಜಿನ್ ಸೋಲುತ್ತದೆ. ಒಂದು ಪಿಸ್ಟನ್, ಇನ್ನೊಂದು ವಾಲ್ವ್.

ಮೊದಲು ಪಿಸ್ಟನ್. ಅದು ಮೇಲೆ ಹೋಗುತ್ತದೆ, ನಿಲ್ಲುತ್ತದೆ, ಕೆಳಗೆ ಬರುತ್ತದೆ, ಮತ್ತೆ ನಿಲ್ಲುತ್ತದೆ. ಹೀಗೆ ನಿಂತು ಓಡುವಾಗ ಅದರ ತೂಕವನ್ನೆಲ್ಲ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ತಿರುಗುವ ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಸರಳು) ಎಳೆದು ಹಿಡಿಯಬೇಕು. ಆರ್‌ಪಿಎಂ ಎರಡು ಪಟ್ಟಾದರೆ ಈ ಎಳೆತ ಎರಡು ಪಟ್ಟು ಆಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಅದಕ್ಕೇ 8,000 ಆರ್‌ಪಿಎಂಗೆ ಸುಮ್ಮನಿರುವ ರಾಡು 9,000ಕ್ಕೆ ಕ್ರ್ಯಾಂಕ್‌ಕೇಸ್ ಒಡೆದುಕೊಂಡು ಹೊರಗೆ ಬಂದುಬಿಡಬಹುದು. ಎಂಜಿನಿಯರುಗಳು ಇದನ್ನು ಅಳೆಯಲು ಪಿಸ್ಟನ್ನಿನ ಸರಾಸರಿ ವೇಗ ನೋಡುತ್ತಾರೆ. ಸ್ಟ್ರೋಕ್ ಅಂದರೆ ಪಿಸ್ಟನ್ ಒಂದು ಸಲ ಮೇಲಿಂದ ಕೆಳಗೆ ಓಡುವ ದೂರ. ಅದರ ಎರಡರಷ್ಟನ್ನು ಸೆಕೆಂಡಿಗೆ ಎಷ್ಟು ಸುತ್ತೋ ಅಷ್ಟರಿಂದ ಗುಣಿಸಿದರೆ ಅದು ಸಿಗುತ್ತದೆ. ಆ ಕಾಲದ ರೇಸ್ ಎಂಜಿನ್ನುಗಳಿಗೆ ಸೆಕೆಂಡಿಗೆ 20 ಮೀಟರ್ ಅನ್ನುವುದು ಹೆಚ್ಚುಕಮ್ಮಿ ಗಡಿಯಾಗಿತ್ತು.

ಈಗ ಲೆಕ್ಕ ಹಾಕೋಣ. ಇಂಗ್ಲೆಂಡಿನ ನಾರ್ಟನ್ ಮ್ಯಾಂಕ್ಸ್ 500 ಸಿಸಿಯ ಒಂಟಿ ಸಿಲಿಂಡರ್ ಬೈಕು, ಅದರ ಸ್ಟ್ರೋಕ್ 85.6 ಮಿಲಿಮೀಟರ್. 7,000 ಆರ್‌ಪಿಎಂಗೇ ಅದು 20 ಮೀಟರ್ ಮುಟ್ಟಿಬಿಡುತ್ತದೆ. ಜಿಲೇರಾದ ನಾಲ್ಕು ಸಿಲಿಂಡರಿನದು 58.8 ಮಿಲಿಮೀಟರ್. 10,000 ಆರ್‌ಪಿಎಂನಲ್ಲಿ ಅದು 19.6. ಗುಟ್ಸಿಯ ಎಂಟು ಸಿಲಿಂಡರಿನ ಸ್ಟ್ರೋಕ್ ಬರೀ 41 ಮಿಲಿಮೀಟರ್. 12,000 ಆರ್‌ಪಿಎಂಗೆ ಏರಿಸಿದರೂ 16.4 ಅಷ್ಟೇ, ಇನ್ನೂ ಜಾಗ ಮಿಕ್ಕಿದೆ! ಸಿಲಿಂಡರುಗಳನ್ನು ಒಡೆದು ಚಿಕ್ಕದು ಮಾಡಿದ್ದರ ಗುಟ್ಟು ಇಷ್ಟೇ. ಚಿಕ್ಕ ಪಿಸ್ಟನ್ ಹಗುರ, ಅದು ಓಡುವ ದೂರವೂ ಕಮ್ಮಿ. ಜೊತೆಗೆ ಚಿಕ್ಕ ಸಿಲಿಂಡರುಗಳಲ್ಲಿ ಒಂದು ಸಿಸಿಗೆ ಸಿಗುವ ವಾಲ್ವಿನ ಬಾಯಿ ದೊಡ್ಡದು, ಹಾಗಾಗಿ ಉಸಿರಾಟವೂ ಸಲೀಸು.

ಜಿಲೇರಾದ ನಾಲ್ಕು ಸಿಲಿಂಡರಿನ ಕಥೆ ಇಪ್ಪತ್ತರ ದಶಕದಲ್ಲಿ ರೋಮಿನಲ್ಲಿ ಶುರುವಾಗುತ್ತದೆ. ಪಿಯೆರೊ ರೆಮೋರ್ ಮತ್ತು ಅವನ ಜೊತೆಗಾರರು ನಾಲ್ಕು ಸಿಲಿಂಡರುಗಳನ್ನು ಫ್ರೇಮಿಗೆ ಅಡ್ಡಲಾಗಿ, ಸಾಲಾಗಿ ಕೂರಿಸಿದರು. ಆ ವಿನ್ಯಾಸ ಕೈಯಿಂದ ಕೈಗೆ ಹೋಗಿ ಮಿಲಾನ್ ಹತ್ತಿರದ ಆರ್ಕೋರೆಯಲ್ಲಿದ್ದ ಜಿಲೇರಾ ಕಂಪನಿಗೆ ಸೇರಿತು. ಯುದ್ಧದ ನಂತರ ರೆಮೋರ್ ಸೂಪರ್‌ಚಾರ್ಜರ್ ಇಲ್ಲದ, ಗಾಳಿಯಲ್ಲೇ ತಣಿಯುವ ಹೊಸ ನಾಲ್ಕನ್ನು ಮಾಡಿದ. 1950ರಿಂದ 1957ರೊಳಗೆ ಅದು 500 ಸಿಸಿಯಲ್ಲಿ ಆರು ವಿಶ್ವ ಚಾಂಪಿಯನ್‌ಶಿಪ್ ಗೆದ್ದಿತು. ಅದರಲ್ಲಿ ಮೂರು ಜೆಫ್ ಡ್ಯೂಕ್‌ನವು, ನಾರ್ಟನ್ ಬಿಟ್ಟು ಬಂದವನು. 1957ರಲ್ಲಿ ಬಾಬ್ ಮೆಕಿಂಟೈರ್ ಇದೇ ಜಿಲೇರಾದಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ರಸ್ತೆ ರೇಸಿನ ಒಂದು ಸುತ್ತನ್ನು ಗಂಟೆಗೆ 101 ಮೈಲಿ ಸರಾಸರಿಯಲ್ಲಿ ಮುಗಿಸಿದ. ಅಲ್ಲಿ ಯಾರೂ ಅದುವರೆಗೆ ನೂರು ಮೈಲಿ ದಾಟಿರಲಿಲ್ಲ. ಅಡ್ಡಡ್ಡ ನಾಲ್ಕು ಸಿಲಿಂಡರ್, ಮೇಲೆ ಎರಡು ಕ್ಯಾಮ್‌ಶಾಫ್ಟ್. ಮುಂದೆ ಜಪಾನಿನವರು ಮನೆಮನೆಗೂ ತಲುಪಿಸಿದ ನಾಲ್ಕು ಸಿಲಿಂಡರ್ ಬೈಕಿನ ಅಸ್ಥಿಪಂಜರ ಇದೇ. ಆದರೂ ರೆಮೋರ್ ಹೆಸರು ಇವತ್ತು ಎಷ್ಟು ಜನಕ್ಕೆ ಗೊತ್ತು?

ಗುಟ್ಸಿಯವರು ಇನ್ನೂ ಮುಂದೆ ಹೋದರು. ಕೋಮೋ ಸರೋವರದ ದಂಡೆಯ ಮಾಂಡೆಲ್ಲೊ ದೆಲ್ ಲಾರಿಯೊದಲ್ಲಿ ಅವರ ಕಾರ್ಖಾನೆ, ಅಲ್ಲಿಯ ರೇಸ್ ಎಂಜಿನಿಯರ್ ಜ್ಯೂಲಿಯೊ ಚೇಸಾರೆ ಕಾರ್ಕಾನೊ. ನಾಲ್ಕು ಸಿಲಿಂಡರನ್ನು ಅಡ್ಡ ಇಟ್ಟರೆ ಅಗಲ ಆಗುತ್ತದೆ, ಗಾಳಿಗೆ ಎದೆ ಕೊಟ್ಟಂತೆ. ಅದನ್ನೇ ನಾಲ್ಕರ ಎರಡು ಸಾಲು ಮಾಡಿ ವಿ ಆಕಾರದಲ್ಲಿ ಇಟ್ಟರೆ ಸಿಲಿಂಡರುಗಳು ಚಿಕ್ಕದಾಗುವುದರಿಂದ ಅಗಲ ಹೆಚ್ಚೇನೂ ಬೆಳೆಯುವುದಿಲ್ಲ, ಎಂಟು ಪಿಸ್ಟನ್ನೂ ಸಿಗುತ್ತದೆ. ಹಿಂದಿನ ಸಾಲಿಗೆ ಗಾಳಿ ತಾಗುವುದಿಲ್ಲ, ಅದಕ್ಕೆ ನೀರು ಸುತ್ತಿಸಿ ತಣಿಸಿದರು. ಶಕ್ತಿ 75 ಅಶ್ವಶಕ್ತಿಯ ಆಸುಪಾಸು. 1957ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಕೀತ್ ಕ್ಯಾಂಪ್‌ಬೆಲ್ ಇದರಲ್ಲಿ ಗಂಟೆಗೆ 286 ಕಿಲೋಮೀಟರ್ ವೇಗ ಮುಟ್ಟಿದ. ಡ್ರಮ್ ಬ್ರೇಕು, ಸಣ್ಣ ಟೈರು, ಪಕ್ಕದಲ್ಲಿ ಮರಗಳು ಮತ್ತು ಮನೆಗಳಿದ್ದ ಸಾಮಾನ್ಯ ರಸ್ತೆ. ಓದುವಾಗಲೇ ಕೈ ಬೆವರುತ್ತದೆ.

ಆದರೆ ಈ ಎಂಜಿನ್ ನಂಬಿಕಸ್ಥ ಆಗಿರಲಿಲ್ಲ. ಕ್ರ್ಯಾಂಕ್‌ಶಾಫ್ಟ್ ಕಾಟ ಕೊಟ್ಟಿತು. ಎಂಟು ಕಾರ್ಬ್ಯುರೇಟರುಗಳನ್ನು ಒಂದೇ ತಾಳಕ್ಕೆ ತರುವುದು, ಎಂಟು ಸಿಲಿಂಡರಿಗೆ ಸರಿಯಾದ ಹೊತ್ತಿಗೆ ಕಿಡಿ ಕೊಡುವುದು, ಎಲೆಕ್ಟ್ರಾನಿಕ್ ಇಗ್ನಿಷನ್ ಇಲ್ಲದ ಕಾಲದಲ್ಲಿ, ಅದೂ ರೇಸಿನ ಬೆಳಿಗ್ಗೆ, ಮೆಕ್ಯಾನಿಕ್‌ಗಳ ಪಾಡು ಏನಾಗಿರಬಹುದು ಯೋಚಿಸಿ. ಇಟಲಿಯೊಳಗಿನ ಕೆಲವು ರೇಸುಗಳನ್ನು ಅದು ಗೆದ್ದಿತು, ವಿಶ್ವ ಚಾಂಪಿಯನ್‌ಶಿಪ್ಪಿನ ಒಂದು ಸುತ್ತನ್ನೂ ಗೆಲ್ಲಲಿಲ್ಲ. 1957ರ ಐಲ್ ಆಫ್ ಮ್ಯಾನ್‌ನಲ್ಲಿ ಡಿಕ್ಕಿ ಡೇಲ್ ನಾಲ್ಕನೆಯವನಾಗಿ ಬಂದ, ಕೊನೆಗೆ ಕೆಲಸ ಮಾಡುತ್ತಿದ್ದದ್ದು ಏಳೇ ಸಿಲಿಂಡರ್. ಆ ವರ್ಷದ ಕೊನೆಗೆ ಗುಟ್ಸಿ, ಜಿಲೇರಾ, ಮೊಂಡಿಯಾಲ್ ಮೂವರೂ ಸೇರಿ ರೇಸಿನಿಂದ ಹಿಂದೆ ಸರಿದರು. ಖರ್ಚು ಏರುತ್ತಿತ್ತು, ಜನ ಬೈಕು ಬಿಟ್ಟು ಪುಟ್ಟ ಫಿಯಟ್ ಕಾರಿನ ಕಡೆ ತಿರುಗುತ್ತಿದ್ದರು. ವಿ8ಗೆ ತಿದ್ದಿಕೊಳ್ಳಲು ಸಮಯವೇ ಸಿಗಲಿಲ್ಲ.

ಎಲ್ಲರೂ ವಿ8 ಅಂತ ಬಾಯಿ ಬಿಟ್ಟು ನೋಡುತ್ತಾರೆ, ನಾನೂ ನೋಡುತ್ತೇನೆ. ಆದರೆ ಕಾರ್ಕಾನೊನ ನಿಜವಾದ ಜಾಣತನ ಅವನ 350 ಸಿಸಿ ಬೈಕಿನಲ್ಲಿ ಇದೆ ಅಂತ ನನಗನ್ನಿಸುತ್ತದೆ. ಅದು ಒಂಟಿ ಸಿಲಿಂಡರ್, ನೆಲಕ್ಕೆ ಸಮಾನಾಂತರವಾಗಿ ಮಲಗಿಸಿದ್ದು. ಶಕ್ತಿ 38 ಅಶ್ವಶಕ್ತಿ ಆಸುಪಾಸು. ನಮ್ಮ ಹಳೇ ಬುಲೆಟ್ 350 ಕೊಡುತ್ತಿದ್ದ 18ರ ಎದುರಿಗೆ ಇದು ದೊಡ್ಡದೇ, ಆದರೆ ಆಗಿನ ರೇಸಿನಲ್ಲಿ ಅಂಥಾ ಹೆಚ್ಚುಗಾರಿಕೆ ಏನಲ್ಲ. ಶಕ್ತಿಯಲ್ಲಿ ಗೆಲ್ಲದಿದ್ದರೆ ಬೇರೆ ಎಲ್ಲದರಲ್ಲೂ ಗೆಲ್ಲಬೇಕು ಅಂತ ಅವನು ತೀರ್ಮಾನಿಸಿದ. ಗುಟ್ಸಿಯವರು 1950ರಲ್ಲೇ ಇಡೀ ಬೈಕು ಸವಾರನ ಸಮೇತ ಹಿಡಿಸುವ ಗಾಳಿ ಸುರಂಗವನ್ನು ಕಾರ್ಖಾನೆಯಲ್ಲೇ ಕಟ್ಟಿಕೊಂಡಿದ್ದರು. ಅದರೊಳಗೆ ಫೇರಿಂಗನ್ನು ತಿದ್ದಿ ತೀಡಿದರು. ಸಿಲಿಂಡರ್ ಮಲಗಿದ್ದರಿಂದ ತೂಕ ತಳದಲ್ಲಿ ಕೂತಿತು, ಬೈಕು ಕುಳ್ಳಗಾಯಿತು. ಗ್ರಾಂ ಲೆಕ್ಕದಲ್ಲಿ ಲೋಹ ಕೆರೆದು ಕೊನೆಗೆ ತೂಕವನ್ನು ನೂರು ಕಿಲೋಗಿಂತ ಕೆಳಗೆ ತಂದರು. ಹಗುರ ಇದ್ದರೆ ಬ್ರೇಕಿಗೆ ಕೆಲಸ ಕಮ್ಮಿ, ತಿರುವಿನಲ್ಲಿ ಟೈರಿಗೆ ಹೊರೆ ಕಮ್ಮಿ, ಪೆಟ್ರೋಲ್ ಕಮ್ಮಿ ಸಾಕು, ಪೆಟ್ರೋಲ್ ಕಮ್ಮಿ ಆದರೆ ಇನ್ನೂ ಹಗುರ. ನಾಲ್ಕು ಸಿಲಿಂಡರುಗಳ ಎದುರು ನಿಂತು ಈ ಒಂಟಿ ಸಿಲಿಂಡರ್ 1953ರಿಂದ 1957ರವರೆಗೆ ಐದು ವರ್ಷವೂ 350ರ ವಿಶ್ವ ಚಾಂಪಿಯನ್ ಆಯಿತು. ಎಂಟು ಸಿಲಿಂಡರ್ ಮಾಡಿದವನೂ ಇವನೇ, ಒಂದೇ ಸಾಕು ಅಂತ ತೋರಿಸಿದವನೂ ಇವನೇ.

ಈಗ ವಾಲ್ವಿಗೆ ಬರೋಣ. ನನಗೆ ಇಡೀ ಕಥೆಯಲ್ಲಿ ಇಷ್ಟವಾದ ಭಾಗ ಇದು.

ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಗಾಳಿ ಒಳಗೆ ಬಿಡಲು ಒಂದು ವಾಲ್ವ್, ಹೊಗೆ ಹೊರಗೆ ಬಿಡಲು ಇನ್ನೊಂದು. ವಾಲ್ವನ್ನು ತೆರೆಯುವುದು ಕ್ಯಾಮ್, ಅಂದರೆ ಶಾಫ್ಟಿನ ಮೇಲಿರುವ ಮೊಟ್ಟೆಯಾಕಾರದ ಉಬ್ಬು. ಮುಚ್ಚುವುದು ಸ್ಪ್ರಿಂಗ್. ಕ್ಯಾಮ್ ತಳ್ಳಿದಾಗ ವಾಲ್ವ್ ಕೆಳಗಿಳಿಯುತ್ತದೆ, ಉಬ್ಬು ಆಚೆ ಹೋದ ಮೇಲೆ ಸ್ಪ್ರಿಂಗ್ ಅದನ್ನು ವಾಪಸ್ ಎಳೆಯುತ್ತದೆ. ನಿಮ್ಮ ಬುಲೆಟ್, ಸ್ಪ್ಲೆಂಡರ್, ಕಾರು, ಎಲ್ಲದರಲ್ಲೂ ಹೀಗೇ.

12,000 ಆರ್‌ಪಿಎಂ ಅಂದರೆ ಒಂದೊಂದು ವಾಲ್ವ್ ಸೆಕೆಂಡಿಗೆ ನೂರು ಸಲ ತೆರೆದು ಮುಚ್ಚಬೇಕು. ಪ್ರತಿ ಸಲವೂ ತೆರೆಯುವುದು, ಪೂರ್ತಿ ಇಳಿಯುವುದು, ಮುಚ್ಚುವುದು, ಎಲ್ಲಾ ಸೇರಿ ಸಿಗುವ ಸಮಯ ಒಂದು ಸೆಕೆಂಡಿನ ಸಾವಿರದಲ್ಲಿ ನಾಲ್ಕು ಭಾಗ. ಕ್ಯಾಮ್ ಹೇಗೂ ತಳ್ಳುತ್ತದೆ, ಅದು ಗಟ್ಟಿ ಲೋಹ. ಸ್ಪ್ರಿಂಗಿಗೆ ಅಷ್ಟು ಬೇಗ ಎಳೆಯಲು ಆಗುವುದಿಲ್ಲ. ಕ್ಯಾಮ್ ಮುಂದೆ ಹೋಗಿರುತ್ತದೆ, ವಾಲ್ವ್ ಇನ್ನೂ ಗಾಳಿಯಲ್ಲಿ ತೇಲುತ್ತಿರುತ್ತದೆ. ರೇಸ್ ಎಂಜಿನ್ನಿನಲ್ಲಿ ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಇರುವ ಜಾಗ ತೀರಾ ಕಮ್ಮಿ. ಮೇಲೆ ಬರುವ ಪಿಸ್ಟನ್ ಮುಚ್ಚದ ವಾಲ್ವಿಗೆ ಡಿಕ್ಕಿ ಹೊಡೆದರೆ ಅಲ್ಲಿಗೆ ರೇಸ್ ಮುಗಿಯಿತು. ಕೆಲವೊಮ್ಮೆ ಹಿಂದಿನ ಚಕ್ರವೂ ಲಾಕ್ ಆಗಿ ಸವಾರನ ಕಥೆಯೂ ಮುಗಿಯಬಹುದು.

ಗಟ್ಟಿ ಸ್ಪ್ರಿಂಗ್ ಹಾಕಿದರೆ ಆಯ್ತಲ್ಲ? ಸ್ವಲ್ಪ ಮಟ್ಟಿಗೆ ಹೌದು. ಆದರೆ ಗಟ್ಟಿ ಸ್ಪ್ರಿಂಗನ್ನು ಒತ್ತಲು ಎಂಜಿನ್ನಿನ ಶಕ್ತಿಯೇ ಹೋಗುತ್ತದೆ, ಕ್ಯಾಮ್ ಬೇಗ ಸವೆಯುತ್ತದೆ. ಸುರುಳಿ ಸ್ಪ್ರಿಂಗಿಗೆ ತನ್ನದೇ ಒಂದು ನಡುಕ ಬೇರೆ ಇದೆ, ಕ್ಯಾಮಿನ ಬಡಿತ ಅದಕ್ಕೆ ಹೊಂದಿಕೊಂಡುಬಿಟ್ಟರೆ ಸುರುಳಿಗಳು ತಾವೇ ಕುಣಿಯಲು ಶುರು ಮಾಡುತ್ತವೆ, ಹಿಡಿತ ತಪ್ಪುತ್ತದೆ. ಎಲ್ಲಕ್ಕಿಂತ ದೊಡ್ಡ ತಲೆನೋವು ಅಂದರೆ ಐವತ್ತರ ದಶಕದ ಸ್ಪ್ರಿಂಗ್ ಉಕ್ಕು. ಅದು ರೇಸಿನ ಮಧ್ಯದಲ್ಲೇ ಮುರಿಯುತ್ತಿತ್ತು. ಸುರುಳಿಯ ಬದಲು ಹೇರ್‌ಪಿನ್ನಿನಂತೆ ಬಾಗಿಸಿದ ಸ್ಪ್ರಿಂಗುಗಳನ್ನು ಬಳಸಿ ನೋಡಿದರು. ಹಳೇ ಬೈಕುಗಳ ತಲೆಯಲ್ಲಿ ಬಯಲಿಗೇ ಕಾಣುವ ಆ ತಂತಿಗಳು ಇವೇ. ಸಮಸ್ಯೆ ಸ್ವಲ್ಪ ದೂರ ಹೋಯಿತು, ಪೂರ್ತಿ ಹೋಗಲಿಲ್ಲ.

1954ರಲ್ಲಿ ಡುಕಾಟಿಗೆ ಸೇರಿದ ಫ್ಯಾಬಿಯೊ ತಾಲ್ಯೋನಿ ಸ್ಪ್ರಿಂಗನ್ನು ಸುಧಾರಿಸುವ ಗೋಜಿಗೇ ಹೋಗಲಿಲ್ಲ, ಕಿತ್ತೇ ಹಾಕಿದ. ಸ್ಪ್ರಿಂಗ್ ಬಾಗಿಲನ್ನು ನೆನಪಿಸಿಕೊಳ್ಳಿ. ತಳ್ಳಿಬಿಟ್ಟರೆ ಅದು ತಾನಾಗಿ, ತನ್ನದೇ ವೇಗದಲ್ಲಿ ಮುಚ್ಚಿಕೊಳ್ಳುತ್ತದೆ, ನಿಮಗೆ ಅರ್ಜೆಂಟಿದ್ದರೂ ಅದಕ್ಕಿಲ್ಲ. ಅದೇ ಬಾಗಿಲನ್ನು ಕೈಯಲ್ಲೇ ತೆರೆದು ಕೈಯಲ್ಲೇ ಮುಚ್ಚಿದರೆ? ತಾಲ್ಯೋನಿ ಮಾಡಿದ್ದು ಅದನ್ನೇ. ತೆರೆಯಲು ಒಂದು ಕ್ಯಾಮ್, ಮುಚ್ಚಲು ಇನ್ನೊಂದು ಕ್ಯಾಮ್. ಈ ಏರ್ಪಾಟಿನ ಹೆಸರು ಡೆಸ್ಮೋಡ್ರೋಮಿಕ್, ಬಾಯಿಮಾತಿನಲ್ಲಿ ಡೆಸ್ಮೋ. ಐಡಿಯಾ ಅವನದ್ದೇ ಏನಲ್ಲ. ಮೊದಲ ಮಹಾಯುದ್ಧಕ್ಕೂ ಮುಂಚಿನಿಂದ ಹಲವರು ಕೈ ಹಾಕಿದ್ದರು, 1954 ಮತ್ತು 55ರಲ್ಲಿ ಮರ್ಸಿಡಿಸ್ ತನ್ನ ಫಾರ್ಮುಲಾ ಒನ್ ಕಾರಿನಲ್ಲಿ ಇದನ್ನು ಬಳಸಿ ಗೆದ್ದೂ ಇತ್ತು. ಅವರೆಲ್ಲ ಬಿಟ್ಟರು, ತಾಲ್ಯೋನಿ ಹಿಡಿದುಕೊಂಡ.

ಅವನ 125 ಸಿಸಿ ಎಂಜಿನ್ನಿನ ಮೂರು ಕ್ಯಾಮ್‌ಶಾಫ್ಟಿನ ರಹಸ್ಯ ಈಗ ಸುಲಭ. ಆಚೀಚೆಯ ಎರಡು ಶಾಫ್ಟುಗಳು ವಾಲ್ವ್ ತೆರೆಯಲು, ನಡುವಿನದು ಎರಡನ್ನೂ ಮುಚ್ಚಲು. ನಡುವಿನ ಶಾಫ್ಟಿನ ಕ್ಯಾಮುಗಳು ರಾಕರ್ ಅನ್ನುವ ಪುಟ್ಟ ಸನ್ನೆಗಳ ಮೂಲಕ ವಾಲ್ವಿನ ಕುತ್ತಿಗೆ ಹಿಡಿದು ಮೇಲಕ್ಕೆ ಎತ್ತುತ್ತವೆ. ಇಲ್ಲಿ ಬೇಕಾದ ನಿಖರತೆ ಭಯಂಕರ. ತೆರೆಯುವ ಕ್ಯಾಮ್ ಮತ್ತು ಮುಚ್ಚುವ ಕ್ಯಾಮ್ ಎರಡೂ ಒಂದಕ್ಕೊಂದು ಕೂದಲೆಳೆಯಷ್ಟೂ ತಪ್ಪದೆ ಹೊಂದಬೇಕು. ಬಿಗಿಯಾದರೆ ಕಚ್ಚಿಕೊಳ್ಳುತ್ತದೆ, ಸಡಿಲವಾದರೆ ವಾಲ್ವ್ ಪೂರ್ತಿ ಕೂರುವುದಿಲ್ಲ. ಹಾಗಾಗಿ ಒಂಚೂರು ಸಂದು ಬಿಟ್ಟು, ಕೊನೆಯ ಆ ಚೂರನ್ನು ಸಿಲಿಂಡರಿನೊಳಗಿನ ಒತ್ತಡವೇ ಮುಚ್ಚಲಿ ಅಂತ ಬಿಟ್ಟರು.

1956ರ ಜುಲೈನಲ್ಲಿ ಸ್ವೀಡನ್ನಿನ ಹೆಡೆಮೋರಾದಲ್ಲಿ ಇದರ ಮೊದಲ ರೇಸ್. ಜಿಯಾನಿ ಡೆಲಿ ಆಂಟೋನಿ ಗೆದ್ದ, ಅದೂ ಉಳಿದ ಎಲ್ಲರಿಗಿಂತ ಒಂದು ಸುತ್ತು ಮುಂದೆ. ಕೆಲವೇ ವಾರಗಳಲ್ಲಿ ಮೊಂಜಾದಲ್ಲಿ ಅಭ್ಯಾಸ ಮಾಡುವಾಗ ಅವನು ಬಿದ್ದು ಸತ್ತ. ಕೆಲಸ ನಿಧಾನವಾಯಿತು. 1958ರಲ್ಲಿ ಅದೇ ಮೊಂಜಾದಲ್ಲಿ 125ರ ರೇಸಿನ ಮೊದಲ ಐದೂ ಸ್ಥಾನ ಡುಕಾಟಿಗೇ ಸಿಕ್ಕಿತು.

ಈ ಎಂಜಿನ್ 12,500 ಆರ್‌ಪಿಎಂನಲ್ಲಿ 19ರ ಆಸುಪಾಸು ಅಶ್ವಶಕ್ತಿ ಕೊಡುತ್ತಿತ್ತು. ಲೀಟರಿಗೆ ಲೆಕ್ಕ ಹಾಕಿದರೆ ಸುಮಾರು 150. ಗುಟ್ಸಿ ವಿ8ನದೂ ಲೀಟರಿಗೆ ಸುಮಾರು 150 (ಹಳೇ ಬುಲೆಟ್ಟಿನದು 50 ಚಿಲ್ಲರೆ). ಒಬ್ಬ ಎಂಟು ಸಿಲಿಂಡರ್ ಇಟ್ಟು ಮುಟ್ಟಿದ ಜಾಗಕ್ಕೆ ಇನ್ನೊಬ್ಬ ಒಂದೇ ಸಿಲಿಂಡರಿನಲ್ಲಿ ಸ್ಪ್ರಿಂಗ್ ಕಿತ್ತು ಹಾಕಿ ಹೋಗಿದ್ದ. ಆದರೆ ಡೆಸ್ಮೋದ ದೊಡ್ಡ ಲಾಭ ಶಕ್ತಿಗಿಂತ ಧೈರ್ಯ. ಗೇರ್ ತಪ್ಪಿ ಎಂಜಿನ್ 14,000 ದಾಟಿ ಕಿರುಚಿದರೂ ವಾಲ್ವ್ ತೇಲುವ ಮಾತಿಲ್ಲ, ಸವಾರ ಮತ್ತೆ ಗೇರ್ ಹಾಕಿ ಹೋಗುತ್ತಿರಬಹುದು. ಹತ್ತಾರು ತಿರುವಿನ ರೇಸಿನಲ್ಲಿ ಇದು ಸಣ್ಣ ವಿಷಯವಲ್ಲ.

ಮೂರು ಶಾಫ್ಟಿನ ಎಂಜಿನ್ನನ್ನು ಅಂಗಡಿಯಲ್ಲಿ ಮಾರಲು ಆಗುವುದಿಲ್ಲ, ಅಷ್ಟು ದುಬಾರಿ. ತಾಲ್ಯೋನಿಯ ಎರಡನೇ ಜಾಣತನ ಇಲ್ಲಿದೆ. ನಾಲ್ಕು ಕ್ಯಾಮುಗಳನ್ನೂ, ಅಂದರೆ ತೆರೆಯುವ ಎರಡು ಮತ್ತು ಮುಚ್ಚುವ ಎರಡು, ಒಂದೇ ಶಾಫ್ಟಿನ ಮೇಲೆ ತಂದ. 1968ರಲ್ಲಿ ರಸ್ತೆ ಬೈಕಿಗೂ ಡೆಸ್ಮೋ ಬಂತು. ಆಮೇಲೆ ಎರಡು ಸಿಲಿಂಡರುಗಳನ್ನು 90 ಡಿಗ್ರಿಯಲ್ಲಿ, ಒಂದು ಮುಂದಕ್ಕೆ ಮಲಗಿ ಇನ್ನೊಂದು ಎದ್ದು ನಿಂತ ಹಾಗೆ ಇಟ್ಟು 750 ಸಿಸಿ ಮಾಡಿದ. 90 ಡಿಗ್ರಿಯಲ್ಲಿ ಒಂದು ಪಿಸ್ಟನ್ನಿನ ಅಲುಗಾಟವನ್ನು ಇನ್ನೊಂದು ಹೆಚ್ಚುಕಮ್ಮಿ ನುಂಗಿಹಾಕುತ್ತದೆ, ಎರಡಕ್ಕೂ ಗಾಳಿ ಸಿಗುತ್ತದೆ, ಎಂಜಿನ್ ಒಂಟಿ ಸಿಲಿಂಡರಿನಷ್ಟೇ ತೆಳ್ಳಗೆ ಇರುತ್ತದೆ. ಬೈಕು ಮಾತ್ರ ಉದ್ದವಾಗುತ್ತದೆ, ಚುರುಕಾಗಿ ತಿರುಗುವುದಿಲ್ಲ. 1972ರ ಏಪ್ರಿಲ್ 23ರಂದು ಇಮೋಲಾದ 200 ಮೈಲಿ ರೇಸಿನಲ್ಲಿ ಎಂವಿ ಅಗುಸ್ತಾ, ಹೋಂಡಾ, ಟ್ರಯಂಫ್, ನಾರ್ಟನ್ ಎಲ್ಲರ ಎದುರು ಪಾಲ್ ಸ್ಮಾರ್ಟ್ ಮೊದಲನೆಯವನಾಗಿ, ಬ್ರೂನೊ ಸ್ಪಜ್ಜಾರಿ ಎರಡನೆಯವನಾಗಿ ಬಂದರು. ಅವರ ಬೈಕಿನ ಟ್ಯಾಂಕಿನ ಪಕ್ಕದಲ್ಲಿ ಬಣ್ಣ ಹಚ್ಚದೆ ಬಿಟ್ಟ ಒಂದು ಪಟ್ಟಿ ಇದೆ. ಫೈಬರ್ ಟ್ಯಾಂಕ್, ಒಳಗೆ ಪೆಟ್ರೋಲ್ ಎಷ್ಟಿದೆ ಅಂತ ಹೊರಗಿನಿಂದಲೇ ಕಾಣಲಿ ಅಂತ ಮಾಡಿದ್ದು. ನನಗಂತೂ ಆ ಪಟ್ಟಿ ಇಡೀ ಬೈಕಿನಲ್ಲೇ ಚೆಂದದ ಭಾಗ.

ಎಂವಿ ಅಗುಸ್ತಾ ಬಗ್ಗೆ ಹೇಳದೆ ಇರಲು ಆಗುವುದಿಲ್ಲ. ಹೆಲಿಕಾಪ್ಟರ್ ಮಾಡುವ ಮನೆತನ, ಹಣಕ್ಕೆ ಬರವಿಲ್ಲ. ರೆಮೋರ್‌ನನ್ನು ಜಿಲೇರಾದಿಂದ ಕರೆತಂದು ಅದೇ ಬಗೆಯ ನಾಲ್ಕು ಸಿಲಿಂಡರ್ ಮಾಡಿಸಿದರು. 1957ರಲ್ಲಿ ಉಳಿದವರು ಬಿಟ್ಟು ಹೋದ ಮೇಲೆ ಬಯಲು ಖಾಲಿಯಾಯಿತು. 1958ರಿಂದ 1974ರವರೆಗೆ 500 ಸಿಸಿಯ ಸವಾರರ ಚಾಂಪಿಯನ್‌ಶಿಪ್ ಸತತ ಹದಿನೇಳು ಸಲ ಎಂವಿಯದ್ದೇ. ಖಾಲಿ ಬಯಲಿನ ಗೆಲುವು ಅಂತ ಮೂಗು ಮುರಿಯುವವರಿದ್ದಾರೆ. ಅವರು 1966, 67 ನೋಡಬೇಕು. ಹೋಂಡಾ ನಾಲ್ಕು ಸಿಲಿಂಡರಿನ ದೊಡ್ಡ ಶಕ್ತಿಯೊಂದಿಗೆ, ಮೈಕ್ ಹೈಲ್‌ವುಡ್‌ನಂಥ ಸವಾರನೊಂದಿಗೆ ಬಂದಾಗ ಎಂವಿ ಎದುರಿಗೆ ತಂದದ್ದು ಮೂರು ಸಿಲಿಂಡರಿನ ತೆಳ್ಳನೆಯ ಬೈಕು. ಶಕ್ತಿ ಕಮ್ಮಿ, ಹಿಡಿತ ಜಾಸ್ತಿ. ಜಾಕೊಮೊ ಅಗೊಸ್ತೀನಿ ಎರಡೂ ವರ್ಷ ಗೆದ್ದ.

ಕೊನೆಗೆ ಇವೆಲ್ಲವನ್ನೂ ಬದಿಗೆ ತಳ್ಳಿದ್ದು ಟು-ಸ್ಟ್ರೋಕ್. ಮೈಸೂರಿನ ಯೆಜ್ಡಿ ಬಿಚ್ಚಿ ನೋಡಿದವರಿಗೆ ಗೊತ್ತು, ಅದರಲ್ಲಿ ವಾಲ್ವೂ ಇಲ್ಲ, ಕ್ಯಾಮೂ ಇಲ್ಲ, ಪಿಸ್ಟನ್ನೇ ಸಿಲಿಂಡರಿನ ಕಿಂಡಿಗಳನ್ನು ತೆರೆದು ಮುಚ್ಚುತ್ತದೆ. ಇಲ್ಲದ ವಾಲ್ವ್ ತೇಲುವುದಾದರೂ ಹೇಗೆ? ಜೊತೆಗೆ ಪ್ರತಿ ಸುತ್ತಿಗೂ ಒಂದು ಸ್ಫೋಟ. 1975ರಲ್ಲಿ 500ರ ಚಾಂಪಿಯನ್‌ಶಿಪ್ ಮೊದಲ ಸಲ ಟು-ಸ್ಟ್ರೋಕಿನ ಪಾಲಾಯಿತು, ಯಮಹಾ ಓಡಿಸಿ ಗೆದ್ದವನು ಅದೇ ಅಗೊಸ್ತೀನಿ.

2002ರಲ್ಲಿ 500ರ ಚಾಂಪಿಯನ್‌ಶಿಪ್ ಮೋಟೋಜಿಪಿ ಆಗಿ, ಫೋರ್-ಸ್ಟ್ರೋಕ್ ವಾಪಸ್ ಬಂದಾಗ ಹಳೇ ಪ್ರಶ್ನೆಯೂ ವಾಪಸ್ ಬಂತು. ಹೆಚ್ಚಿನವರು ಕಡೆಗೆ ಉಕ್ಕಿನ ಸ್ಪ್ರಿಂಗ್ ಬದಲು ಒತ್ತಿ ತುಂಬಿದ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡರು, ಫಾರ್ಮುಲಾ ಒನ್‌ನಲ್ಲಿ ರೆನೋ ಎಂಬತ್ತರ ದಶಕದಲ್ಲೇ ತೋರಿಸಿದ ದಾರಿ ಅದು. ಡುಕಾಟಿ ಮಾತ್ರ ಡೆಸ್ಮೋ ಬಿಡಲಿಲ್ಲ, ಅದರಲ್ಲೇ 2007ರಲ್ಲಿ ಕೇಸಿ ಸ್ಟೋನರ್, 2022 ಮತ್ತು 23ರಲ್ಲಿ ಫ್ರಾನ್ಸೆಸ್ಕೊ ಬಾನ್ಯಾಯಾ ಮೋಟೋಜಿಪಿ ಗೆದ್ದರು. ರಸ್ತೆ ಬೈಕಿನ ಲೆಕ್ಕ ಬೇರೆ. ಇವತ್ತಿನ ಉಕ್ಕಿನ ಸ್ಪ್ರಿಂಗುಗಳು ರಸ್ತೆಯ ಆರ್‌ಪಿಎಂಗೆ ಧಾರಾಳ ಸಾಕು, ಡೆಸ್ಮೋದಲ್ಲಿ ತೆರೆಯುವ ಸಂದು, ಮುಚ್ಚುವ ಸಂದು ಎರಡನ್ನೂ ನೋಡಬೇಕಾದ್ದರಿಂದ ಸರ್ವೀಸ್ ಬಿಲ್ ಏರುತ್ತದೆ. 2020ರಲ್ಲಿ ಮಲ್ಟಿಸ್ಟ್ರಾಡಾ ವಿ4ಗೆ ಹೊಸ ಎಂಜಿನ್ ಮಾಡಿದಾಗ ಡುಕಾಟಿಯವರೇ ಮಾಮೂಲಿ ಸ್ಪ್ರಿಂಗಿಗೆ ಮರಳಿದರು, ವಾಲ್ವ್ ನೋಡಿಸಲು 60,000 ಕಿಲೋಮೀಟರಿಗೊಮ್ಮೆ ಬಂದರೆ ಸಾಕು ಅಂದರು. ಡುಕಾಟಿ ಅಭಿಮಾನಿಗಳು ಇನ್ನೂ ಅದರ ಬಗ್ಗೆ ಜಗಳ ಆಡುತ್ತಿದ್ದಾರೆ.